ಪಾಠವೂ ಮೊಬೈಲ್‌ನಲ್ಲೇ, ರೀಲ್ಸೂ ಮೊಬೈಲ್‌ನಲ್ಲೇ: ಓದೋದು ಹೇಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ, ಪಿಎಸ್‌ಐನಂಥ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದೇನೆ. ಕ್ಲಾಸ್ ಯೂಟ್ಯೂಬ್‌ನಲ್ಲಿ, ನೋಟ್ಸ್ ಟೆಲಿಗ್ರಾಂನಲ್ಲಿ. ದಿನವಿಡೀ ನೋಡಿದ್ದೆಲ್ಲ ವಾರದಲ್ಲಿ ಮರೆತುಹೋಗುತ್ತದೆ. ಮೊಬೈಲ್ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಕೋಚಿಂಗ್ ಫೀ ಕಟ್ಟಲಾಗದ ಎಷ್ಟೋ ಮಕ್ಕಳಿಗೆ ಒಳ್ಳೆಯ ಮೇಷ್ಟ್ರು ಸಿಕ್ಕಿರುವುದೇ ಆ ಯೂಟ್ಯೂಬ್‌ನಲ್ಲಿ. ಆದರೆ ಪಾಠ ನೋಡುವುದು ಬೇರೆ, ಓದುವುದು ಬೇರೆ. ನೀವು ಎರಡನ್ನೂ ಒಂದೇ ಅಂದುಕೊಂಡ ಹಾಗಿದೆ.

ಮೇಷ್ಟ್ರು ಚೆನ್ನಾಗಿ ಹೇಳುವಾಗ ಎಲ್ಲ ಅರ್ಥವಾಗುತ್ತದೆ. ಅರ್ಥವಾಗಿದ್ದು ನೆನಪಿನಲ್ಲಿದೆ ಅಂತ ಅನಿಸಿಬಿಡುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಒಂದು ಪಾಠವನ್ನು ಕೆಲವರು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ನೆನಪಿದ್ದಷ್ಟನ್ನು ನೋಡದೆ ಬರೆದರು. 5 ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರದ ನಂತರ ಲೆಕ್ಕ ತಿರುಗಿತ್ತು: ನೋಡದೆ ಬರೆದವರಿಗೆ ಶೇ. 56ರಷ್ಟು ನೆನಪಿತ್ತು, ಎರಡು ಸಲ ಓದಿದವರಿಗೆ ಶೇ. 42.

ಹಾಗಾಗಿ ಸಂವಿಧಾನದ ರಾಜ್ಯ ನೀತಿ ನಿರ್ದೇಶಕ ತತ್ವಗಳ ವಿಡಿಯೋ ಮುಗಿದ ಕೂಡಲೇ ಮುಂದಿನದನ್ನು ಒತ್ತಬೇಡಿ. ಮೊಬೈಲ್ ಆಚೆ ಇಟ್ಟು ಖಾಲಿ ಹಾಳೆ ತೆಗೆದುಕೊಳ್ಳಿ. ವಿಧಿ 36ರಿಂದ 51ರವರೆಗೆ. ವಿಧಿ 40 ಗ್ರಾಮ ಪಂಚಾಯಿತಿ, ವಿಧಿ 44 ಏಕರೂಪ ನಾಗರಿಕ ಸಂಹಿತೆ. ಹೀಗೆ ನೆನಪಾದಷ್ಟು ಬರೆಯಿರಿ. ಎಲ್ಲಿ ತಡವರಿಸುತ್ತೀರೋ ಅಷ್ಟನ್ನೇ ಮತ್ತೆ ನೋಡಿ. ಮೊದಮೊದಲು ಬೇಜಾರಾಗುತ್ತದೆ, ಅರ್ಧ ಹಾಳೆಯೂ ತುಂಬುವುದಿಲ್ಲ. ಬಿಡಬೇಡಿ. ಎರಡು ದಿನ ಬಿಟ್ಟು ಅದೇ ವಿಷಯವನ್ನು ಇನ್ನೊಮ್ಮೆ ಬರೆಯಿರಿ.

ಆಗ ಮೊಬೈಲ್ ಎಲ್ಲಿರಬೇಕು? ಕಣ್ಣಿಗೆ ಬೀಳದ ಕಡೆ. ಟೆಕ್ಸಾಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಫೋನ್ ಸೈಲೆಂಟ್ ಆಗಿದ್ದರೂ ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಬೇರೆ ಕೋಣೆಯಲ್ಲಿಟ್ಟವರು ಕೊಟ್ಟ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದರು. ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಒಂದೇ ತರ ಬಂದಿಲ್ಲ, ನಿಜ. ಆದರೂ ದುಡ್ಡು ಖರ್ಚಿಲ್ಲದ ಉಪಾಯ ಇದು, ಮಾಡಿ ನೋಡಬಹುದಲ್ವಾ? ಇರುವುದೇ ಒಂದು ರೂಮಾದರೆ ಟ್ರಂಕಿನೊಳಗೆ ಹಾಕಿ.

ವಿಡಿಯೋಗಳನ್ನು ಬೆಳಿಗ್ಗೆಯೇ ಡೌನ್‌ಲೋಡ್ ಮಾಡಿಕೊಂಡರೆ ಡೇಟಾ ಆಫ್ ಮಾಡಿ ನೋಡಬಹುದು. ನಡುವೆ ಮೆಸೇಜ್ ಬರುವುದಿಲ್ಲ. ಟೆಲಿಗ್ರಾಂನ ಪಿಡಿಎಫ್‌ಗಳಲ್ಲಿ ನಿಜಕ್ಕೂ ಬೇಕಾದ ಒಂದೆರಡನ್ನು ಝರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಉಳಿದವನ್ನು ಅಳಿಸಿ. ಸುಮ್ನೆ ಕೂಡಿಟ್ಟರೆ ಓದಿದಂತಾಗುವುದಿಲ್ಲ. ಓದುವಾಗ ಹಾಡು ಬೇಕೇ ಬೇಕು ಅನಿಸಿದರೆ ಸಾಹಿತ್ಯವಿಲ್ಲದ ಸಿತಾರ್, ಕೊಳಲು ಇರಲಿ. ಹಾಡಿನ ಮಾತು ಓದುವ ಮಾತಿಗೆ ಅಡ್ಡ ಬರುತ್ತದೆ.

ಇನ್ನು ಊರಿಂದ ಫೋನ್ ಬಂದರೆ ಏನು ಮಾಡೋದು ಅಂತ ಚಿಂತೆ ಬೇಡ. ಯಾವ ಹೊತ್ತಿಗೆ ಓದುತ್ತೀರಿ ಅಂತ ಅವ್ವನಿಗೆ ಮೊದಲೇ ಹೇಳಿಡಿ. ತುರ್ತಿದ್ದರೆ ಮಾಡಲಿ ಅಂತ ರೂಮ್‌ಮೇಟ್ ನಂಬರನ್ನೂ ಕೊಟ್ಟಿರಿ.