ತೊಡಕು ಇರುವುದು ಎರಡು ಸ್ವರಗಳ ನಡುವೆ

ಪಿಯಾನೊ ಕಲಿಯುವವರು ‘ಈ ಪುಟ ಬಹಳ ಕಷ್ಟ’ ಎಂದು ಹೇಳುವುದುಂಟು. ಇಡೀ ಪುಟವೇ ಕಷ್ಟವಾಗಿರುವುದು ಅಪರೂಪ. ನಿಧಾನವಾಗಿ ನುಡಿಸುತ್ತಾ ಹೋಗಿ, ಕೈ ತಡವರಿಸಿದಲ್ಲಿ ನಿಂತು ನೋಡಿ: ಬಹುಪಾಲು ತೊಡಕು ಯಾವುದೋ ಎರಡು ಸ್ವರಗಳ ನಡುವೆ ಅಡಗಿರುತ್ತದೆ. ಆ ಸಂದಿಗೆ ಪೆನ್ಸಿಲ್ ಗುರುತು ಹಾಕದೆ ಪುಟವನ್ನು ಹತ್ತು ಸಲ ನುಡಿಸಿದರೆ ತಪ್ಪನ್ನೇ ಹತ್ತು ಸಲ ಕಲಿತಂತೆ.

ಮೊಜಾರ್ಟ್‌ನ ಸಿ ಮೇಜರ್ ಸೊನಾಟಾ (ಹಲವು ಭಾಗಗಳ ಪಿಯಾನೊ ಕೃತಿ; ಕೋಷೆಲ್ ಪಟ್ಟಿಯಲ್ಲಿ ಕೆ. 545) ತೆಗೆದುಕೊಳ್ಳಿ. 1788ರಲ್ಲಿ ತನ್ನ ಕೃತಿಪಟ್ಟಿಗೆ ಸೇರಿಸುವಾಗ ಅವನು ಇದನ್ನು ಹೊಸಬರಿಗೆಂದು ಗುರುತಿಸಿದ್ದ. ಆದರೂ ಐದನೆಯ ಬಾರ್‌ನಿಂದ (ತಾಳದ ಒಂದು ಸುತ್ತು ಒಂದು ಬಾರ್) ಬಲಗೈಯ ಸ್ಕೇಲ್‌ಗಳು, ಅಂದರೆ ಸಾಲಾಗಿ ಬರುವ ಸ್ವರಗಳು, ಏರಿ ಇಳಿಯತೊಡಗಿದಾಗ ಎಷ್ಟೋ ಜನ ಎಡವುತ್ತಾರೆ. ಕಾರಣ ವೇಗವಲ್ಲ, ಹೆಬ್ಬೆರಳು. ಅದು ಉಳಿದ ಬೆರಳುಗಳ ಕೆಳಗೆ ನುಸುಳುವುದು ತಡವಾದರೆ ಮಣಿಕಟ್ಟು ಜರ್ಕ್ ಹೊಡೆಯುತ್ತದೆ, ಸ್ವರವೊಂದು ಗಟ್ಟಿಯಾಗಿ ಸಿಡಿಯುತ್ತದೆ. ಅಲ್ಲಿನ ಮೂರೇ ಸ್ವರ ಹಿಡಿದು, ಹೆಬ್ಬೆರಳು ತನ್ನ ಸರದಿಗೆ ಮೊದಲೇ ಕೀ ಮೇಲೆ ಬಂದು ಕೂರುವಂತೆ ಮಾಡಿ. ಸಲೀಸಾದ ಮೇಲೆ ಹಿಂದೊಂದು, ಮುಂದೊಂದು ಸ್ವರ ಸೇರಿಸುತ್ತಾ ಬನ್ನಿ.

ಅದೇ ತುಣುಕನ್ನು ದೀರ್ಘ–ಹ್ರಸ್ವ ಲಯದಲ್ಲಿ ನುಡಿಸಿ, ಬಳಿಕ ಹ್ರಸ್ವ–ದೀರ್ಘವಾಗಿ ತಿರುಗಿಸಿ. ದೀರ್ಘ ಸ್ವರದಲ್ಲಿ ಕೈಗೆ ಬಿಡುವು ಸಿಗುತ್ತದೆ, ಮುಂದಿನ ಸ್ವರಕ್ಕೆ ಸಜ್ಜಾಗುತ್ತದೆ. ಹ್ರಸ್ವದಿಂದ ದೀರ್ಘಕ್ಕೆ ಹಾರುವಾಗ ನಿಜವಾದ ವೇಗ ರೂಢಿಯಾಗುತ್ತದೆ. ಎರಡೂ ಬಗೆ ಮುಗಿಯುವಷ್ಟರಲ್ಲಿ ಪ್ರತಿಯೊಂದು ಸಂದಿಯನ್ನೂ ಒಮ್ಮೆ ವೇಗವಾಗಿ ದಾಟಿರುತ್ತೀರಿ.

ಬೀಥೋವನ್‌ನ ‘ಮೂನ್‌ಲೈಟ್’ ಸೊನಾಟಾದ ಮೂರನೆಯ ಭಾಗದಲ್ಲಿ ಬಿಡಿ ಸ್ವರಗಳು ಅಲೆಯಂತೆ ಮೇಲೇರಿ, ತುದಿಯಲ್ಲಿ ಎರಡು ಕಾರ್ಡ್‌ಗಳಾಗಿ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬಡಿಯುತ್ತವೆ. ಇಲ್ಲಿ ನಾನು ಬಿಡಿ ಸ್ವರಗಳನ್ನು ಮೊದಲು ಮುಟ್ಟುವುದೇ ಇಲ್ಲ. ಪ್ರತಿ ಗುಂಪನ್ನೂ ಒಂದೇ ಕಾರ್ಡ್ ಆಗಿ ಒತ್ತಿ, ಒಂದು ಹಿಡಿತದಿಂದ ಮುಂದಿನ ಹಿಡಿತಕ್ಕೆ ಕೈ ಸಾಗಿಸುವುದನ್ನಷ್ಟೇ ಕಲಿಯುತ್ತೇನೆ. ಆಮೇಲೆ ಕೊನೆಯಿಂದ ಹಿಂದಕ್ಕೆ: ಮೊದಲು ಎರಡು ಕಾರ್ಡ್, ನಂತರ ಕೊನೆಯ ಗುಂಪು ಮತ್ತು ಕಾರ್ಡ್, ಹೀಗೆ. ಏರುತ್ತಾ ಹೋದಂತೆ ಪರಿಚಿತ ಜಾಗ ಹತ್ತಿರವಾಗುವುದರಿಂದ ಕೈ ಗಾಬರಿಯಾಗುವುದಿಲ್ಲ.

ನನ್ನನ್ನು ಅತಿ ಹೆಚ್ಚು ಕಾಲ ಹಿಡಿದಿಟ್ಟದ್ದು ಶೋಪಾನ್‌ನ ‘ಫ್ಯಾಂಟಸಿ ಇಂಪ್ರಾಂಪ್ಟು’. ಬಲಗೈ ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಎಡಗೈ ಮೂರು ನುಡಿಸಬೇಕು. ಆ ಕಾಲವನ್ನು 12 ಎಣಿಕೆಯಾಗಿ ಒಡೆಯಿರಿ. ಬಲಗೈ 1, 4, 7, 10ಕ್ಕೆ. ಎಡಗೈ 1, 5, 9ಕ್ಕೆ. ಅಂದರೆ ಕ್ರಮ ಹೀಗೆ: ಒಟ್ಟಿಗೆ, ಬಲ, ಎಡ, ಬಲ, ಎಡ, ಬಲ. ಮೊದಲು ಇದನ್ನು ತೊಡೆಯ ಮೇಲೆ ತಟ್ಟಿ. ಕ್ರಮ ಕೈಗೆ ಹತ್ತಿದ ಮೇಲೆ ಎಣಿಕೆಯನ್ನು ಬಿಟ್ಟುಬಿಡಬೇಕು, ಇಲ್ಲದಿದ್ದರೆ ಸಂಗೀತ ಕುಂಟುತ್ತದೆ. ಆಗ ಒಂದೊಂದು ಕೈಯನ್ನೂ ಬೇರೆಬೇರೆಯಾಗಿ, ಹರಿಯುವ ವೇಗದಲ್ಲಿ, ಲಯ ತೋರಿಸುವ ಮೆಟ್ರೊನೋಮ್‌ನ ಒಂದೇ ಬಡಿತಕ್ಕೆ ನುಡಿಸಿ. ಬಳಿಕ ಜೋಡಿಸಿ, ಬಡಿತದ ಮೊದಲ ಸ್ವರವನ್ನಷ್ಟೇ ಆಲಿಸಿ.

ನಿಧಾನವಾಗಿ ಅಭ್ಯಾಸ ಮಾಡಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನಿಧಾನದಲ್ಲೂ ಕೈಯ ಚಲನೆ ವೇಗದಲ್ಲಿರುವಂತೆಯೇ ಚಿಕ್ಕದಾಗಿರಬೇಕು. ಬೆರಳನ್ನು ಎತ್ತರಕ್ಕೆ ಎತ್ತಿ ನಿಧಾನವಾಗಿ ಕಲಿತದ್ದು ವೇಗಕ್ಕೆ ಒದಗುವುದಿಲ್ಲ. ಮುಂಗೈ ಬಿಗಿದುಕೊಂಡರೆ ಅಥವಾ ನೋವು ಬಂದರೆ ತಕ್ಷಣ ನಿಲ್ಲಿಸಿ.

ಗುರುತು ಹಾಕಿದ ಜಾಗವನ್ನು ಮರುದಿನ, ಅಭ್ಯಾಸ ಶುರುಮಾಡುವ ಮೊದಲೇ, ಒಂದೇ ಒಂದು ಸಲ ನುಡಿಸಿ ನೋಡುತ್ತೇನೆ. ಆ ಮೊದಲ ಯತ್ನ ಸತತ ಮೂರು ದಿನ ಸರಿ ಬಂದರೆ ಗುರುತನ್ನು ಅಳಿಸುತ್ತೇನೆ.