ಕಣ್ಣೆದುರೇ ಅದಲುಬದಲು

ಅಮೆರಿಕದ ಆಡುಮಾತಿನಲ್ಲಿ 'ಸ್ವಿಚರೂ' ಅಂತ ಒಂದು ತಮಾಷೆಯ ಪದ ಇದೆ. 1930ರ ದಶಕದಿಂದ ಚಾಲ್ತಿಯಲ್ಲಿದೆ. ನೀವು ಒಂದನ್ನು ಕಾಯುತ್ತಿರುವಾಗ ಅದರ ಜಾಗಕ್ಕೆ ಸದ್ದಿಲ್ಲದೆ ಇನ್ನೊಂದು ಬಂದು ಕೂತರೆ ಅದು ಸ್ವಿಚರೂ. ಜಾದೂಗಾರನ ಇಸ್ಪೀಟ್ ಎಲೆಗೂ ಸಲ್ಲುತ್ತದೆ, ಜೋಕಿನ ಕೊನೆಯ ಸಾಲಿಗೂ ಸಲ್ಲುತ್ತದೆ. ಸುಮ್ನೆ ಬದಲಾದರೆ ಸಾಲದು, ಎದುರಿಗಿದ್ದವರು ಬೇಸ್ತು ಬೀಳಬೇಕು.

ಎಲ್ಲರೂ ಇದನ್ನು ಕೈಚಳಕ ಅಂತಾರೆ. ನನ್ನ ಕೇಳಿದರೆ ಅರ್ಧ ಕೆಲಸ ಮಾಡಿಕೊಡುವುದು ನಮ್ಮ ಮಿದುಳೇ.

1998ರಲ್ಲಿ ಮನೋವಿಜ್ಞಾನಿಗಳಾದ ಡೇನಿಯಲ್ ಸೈಮನ್ಸ್ ಮತ್ತು ಡೇನಿಯಲ್ ಲೆವಿನ್ ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬ ಅಪರಿಚಿತ ದಾರಿ ಕೇಳುತ್ತಾನೆ. ನೀವು ಹೇಳುತ್ತಿರುವಾಗ ಇಬ್ಬರು ಒಂದು ದೊಡ್ಡ ಬಾಗಿಲನ್ನು ಹೊತ್ತುಕೊಂಡು ನಿಮ್ಮಿಬ್ಬರ ಮಧ್ಯೆಯೇ ನುಗ್ಗುತ್ತಾರೆ. ಆ ಮರೆಯಲ್ಲಿ ದಾರಿ ಕೇಳಿದವನು ಜಾಗ ಖಾಲಿ ಮಾಡಿ, ಬಾಗಿಲು ಹೊತ್ತವರಲ್ಲಿ ಒಬ್ಬ ಅಲ್ಲಿ ನಿಲ್ಲುತ್ತಾನೆ. ಎತ್ತರ ಬೇರೆ, ಬಟ್ಟೆ ಬೇರೆ, ದನಿಯೂ ಬೇರೆ! ಆದರೂ ಸುಮಾರು ಅರ್ಧದಷ್ಟು ಜನ ಏನೂ ಆಗದವರಂತೆ ದಾರಿ ಹೇಳುವುದನ್ನು ಮುಂದುವರಿಸಿದರು. ಯಾಕೆಂದರೆ ಮಿದುಳು ಎದುರಿಗಿರುವ ಎಲ್ಲವನ್ನೂ ಫೋಟೋ ತೆಗೆದು ಇಡುವುದಿಲ್ಲ. 'ಯಾರೋ ದಾರಿ ಕೇಳ್ತಿದ್ದಾರೆ' ಅನ್ನುವಷ್ಟನ್ನು ಹಿಡಿದುಕೊಂಡರೆ ಅದಕ್ಕೆ ಸಾಕು. ಆ ಮಾತು ಸುಳ್ಳಾಗದಿದ್ದರೆ ಮುಖ ಬದಲಾದರೂ ಗಂಟೆ ಹೊಡೆಯುವುದಿಲ್ಲ.

ಸರಿ, ಅಪರಿಚಿತನ ಮುಖ ಯಾರಿಗೆ ಬೇಕು ಅಂತೀರಾ? ನಾವೇ ಆರಿಸಿದ್ದು ಬದಲಾದರೆ ಗೊತ್ತಾಗಬೇಕು, ಅಲ್ವಾ?

ಸ್ವೀಡನ್ನಿನ ಸಂಶೋಧಕರಾದ ಪೀಟರ್ ಜೊಹಾನ್ಸನ್, ಲಾರ್ಸ್ ಹಾಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನೇ ಪರೀಕ್ಷಿಸಿದರು. 120 ಜನರಿಗೆ ಎರಡೆರಡು ಮುಖಗಳ ಫೋಟೋ ತೋರಿಸಿ, ಯಾರು ಹೆಚ್ಚು ಚೆನ್ನಾಗಿದ್ದಾರೆ ಅಂತ ಕೇಳಿದರು. ಕೆಲವು ಸಲ ಜಾದೂಗಾರರ ಇಸ್ಪೀಟ್ ಕೈಚಳಕದಿಂದ ಬೇಡವೆಂದ ಫೋಟೋವನ್ನೇ ಕೈಗಿಟ್ಟು, 'ಇವರನ್ನೇ ಯಾಕೆ ಆರಿಸಿದಿರಿ?' ಅಂದರು. ಆ ಕ್ಷಣದಲ್ಲೇ ಕಂಡುಹಿಡಿದದ್ದು ಶೇಕಡಾ 13ರಷ್ಟು ಸಲ ಮಾತ್ರ. ಉಳಿದವರು ಕಾರಣ ಕೊಟ್ಟರು, ಅದೂ ಯಾವ ತಡವರಿಕೆಯೂ ಇಲ್ಲದೆ. ಒಬ್ಬರಂತೂ ಕಿವಿಯೋಲೆ ಇಷ್ಟವಾಯಿತು ಅಂದರು. ಅವರು ನಿಜವಾಗಿ ಆರಿಸಿದ್ದ ಮುಖಕ್ಕೆ ಓಲೆಯೇ ಇರಲಿಲ್ಲ! ಅವರು ಬೇಕೆಂದೇ ಸುಳ್ಳು ಹೇಳಿದ್ದಲ್ಲ. ಕೈಗೆ ಬಂದದ್ದಕ್ಕೆ ಅಲ್ಲೇ ಕಾರಣ ಕಟ್ಟಿ, ಅದು ಮೊದಲಿನಿಂದಲೂ ಇತ್ತು ಅಂತ ತಾವೇ ನಂಬಿಬಿಟ್ಟಿದ್ದರು.

2010ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗಕ್ಕಾಗಿ ಅದೇ ತಂಡ ಎರಡೂ ಕಡೆ ಮುಚ್ಚಳವಿರುವ ಡಬ್ಬಿಗಳನ್ನು ತಗೊಂಡು ಸೂಪರ್ ಮಾರ್ಕೆಟ್ಟಿಗೆ ಹೋಯಿತು. ಒಳಗೆ ಒಂದೊಂದು ಕಡೆ ಒಂದೊಂದು ಬಗೆಯ ಜಾಮ್. ರುಚಿ ನೋಡಿ ಒಂದನ್ನು ಮೆಚ್ಚಿದವರಿಗೆ ಡಬ್ಬಿ ತಿರುಗಿಸಿ ಇನ್ನೊಂದನ್ನು ತಿನ್ನಿಸಿದರು. ಚಹಾದ ವಾಸನೆಯಲ್ಲೂ ಇದೇ ಆಟ. ಒಟ್ಟಾರೆ ಮೋಸ ಬಯಲಾದದ್ದು ಹೆಚ್ಚೆಂದರೆ ಮೂರರಲ್ಲಿ ಒಂದು ಸಲ.