ಮತ್ತೆ ಮತ್ತೆ ಬರುವ ತುರಿಕೆ: ಇನ್ನೊಂದು ಗುಳಿಗೆ ನುಂಗುವ ಮೊದಲು

ಯೋನಿಯಲ್ಲಿ ಫಂಗಸ್ ಸೋಂಕು ಒಮ್ಮೆ ಬಂದು ಹೋದರೆ ಚಿಂತೆ ಮಾಡುವಂಥದ್ದೇನಿಲ್ಲ. ನಾಲ್ವರು ಹೆಂಗಸರಲ್ಲಿ ಸುಮಾರು ಮೂವರಿಗೆ ಆಯುಷ್ಯದಲ್ಲಿ ಒಮ್ಮೆಯಾದರೂ ಅದು ಬರುತ್ತದೆ. ಒಂದು ಗುಳಿಗೆ, ಇಲ್ಲವೇ ಒಳಗೆ ಇಟ್ಟುಕೊಳ್ಳುವ ಮಾತ್ರೆ, ಅಲ್ಲಿಗೆ ಮುಗಿಯಿತು. ಇವತ್ತು ನಾನು ಬರೆಯುತ್ತಿರುವುದು ವರ್ಷಕ್ಕೆ ಮೂರು ಸಲ, ನಾಲ್ಕು ಸಲ, ಕೆಲವರಿಗೆ ತಿಂಗಳಿಗೊಮ್ಮೆ ತಿರುಗಿ ಬರುವ ಸೋಂಕಿನ ಬಗ್ಗೆ. "ಮೇಡಮ್ಮರ, ಗುಳಿಗಿ ತಗೊಂಡ್ರ ಎಂಟ್ ದಿನಾ ಆರಾಮ್ ಇರತೈತ್ರಿ, ಆಮ್ಯಾಲ ಮತ್ತ ಅದ ತುರಿಕಿ" ಅಂತ ಬಾಗಲಕೋಟೆಯ ನನ್ನ ಓಪಿಡಿಯಲ್ಲಿ ಹೇಳುವವರು ಬಹಳ ಮಂದಿ. ಇಲ್ಲಿಗೆ ಬರುವ ಹೊತ್ತಿಗೆ ಮೆಡಿಕಲ್ ಅಂಗಡಿಯಿಂದ ಹಲವು ಸಲ ಔಷಧ ತಂದು ಮುಗಿಸಿರುತ್ತಾರೆ. ಪರೀಕ್ಷೆ ಮಾತ್ರ ಒಂದೂ ಆಗಿರುವುದಿಲ್ಲ. ತಿರುಗಿ ಬರುವ ಸೋಂಕಿಗೆ ಇನ್ನೊಂದು ಗುಳಿಗೆಗಿಂತ ಮೊದಲು ಬೇಕಾದದ್ದು ಒಂದು ಸ್ಲೈಡ್ ಮತ್ತು ಒಂದು ಶುಗರ್ ಟೆಸ್ಟ್.

ಸ್ಲೈಡ್ ಯಾಕೆ? ತುರಿಕೆ, ಬಿಳಿ ಹೋಗುವುದು ಅಂದ ಮಾತ್ರಕ್ಕೆ ಅದು ಫಂಗಸ್ ಆಗಿರಲೇಬೇಕು ಅಂತಿಲ್ಲ. ಮೊಸರು ಒಡೆದಂತೆ ಗಟ್ಟಿಯಾಗಿ ಬಿಳಿ ಹೋಗಿ, ವಾಸನೆ ಇಲ್ಲದೆ, ಮೂತ್ರ ತಾಗಿದರೆ ಉರಿಯುವುದು ಸಾಮಾನ್ಯವಾಗಿ ಫಂಗಸ್. ತೆಳ್ಳಗೆ, ಬೂದು ಬಣ್ಣಕ್ಕೆ, ಮೀನಿನ ವಾಸನೆಯೊಂದಿಗೆ ಹೋದರೆ ಅದು ಬ್ಯಾಕ್ಟೀರಿಯಾದ ತೊಂದರೆ. ಹಳದಿ-ಹಸಿರು, ನೊರೆನೊರೆಯಾಗಿದ್ದರೆ ಟ್ರೈಕೊಮೊನಾಸ್ ಅನ್ನುವ, ಲೈಂಗಿಕ ಸಂಪರ್ಕದಿಂದ ಹರಡುವ ಸೂಕ್ಷ್ಮಜೀವಿ ಇರಬಹುದು. ಮೂರಕ್ಕೂ ಔಷಧ ಬೇರೆ ಬೇರೆ. ಆದರೆ ಹೇಳಿದ್ದನ್ನು ಕೇಳಿ ಮಾತ್ರ ನಿರ್ಧಾರ ಮಾಡಿದರೆ ನಾವು ಡಾಕ್ಟರೂ ತಪ್ಪುತ್ತೇವೆ.

ಪರೀಕ್ಷೆ ತುಂಬಾ ಸರಳ. ಹತ್ತಿ ಕಡ್ಡಿಯಿಂದ ಸ್ವಲ್ಪ ದ್ರವ ತೆಗೆದು ಗಾಜಿನ ಮೇಲೆ ಸವರಿ, ಅದಕ್ಕೆ 10 ಪರ್ಸೆಂಟಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕುತ್ತೇವೆ. ಉಳಿದ ಜೀವಕೋಶಗಳೆಲ್ಲ ಕರಗಿ ಫಂಗಸ್ ಮಾತ್ರ ಉಳಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ಉದ್ದುದ್ದ ಎಳೆಗಳು, ಅವುಗಳ ಬದಿಗೆ ಮೊಳಕೆಯೊಡೆದ ಪುಟ್ಟ ಗುಂಡು ಕಣಗಳು ಕಂಡರೆ ಅನುಮಾನವೇ ಇಲ್ಲ. ತಿರುಗಿ ತಿರುಗಿ ಬರುವವರಲ್ಲಿ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ಯಾವ ಜಾತಿಯದ್ದು ಅಂತ ನೋಡುವ ಪರೀಕ್ಷೆ ಕೂಡ ಮಾಡಿಸುತ್ತೇನೆ. ಮದುವೆಯಾಗದ ಹುಡುಗಿಯರಿಗೆ ಒಳಗೆ ಉಪಕರಣ ಹಾಕಿ ನೋಡುವ ಅಗತ್ಯವಿಲ್ಲ, ಹತ್ತಿ ಕಡ್ಡಿ ಸಾಕು. ಈ ಒಂದು ಹೆದರಿಕೆಗೆ ಮಗಳ ತುರಿಕೆಯನ್ನು ವರ್ಷಗಟ್ಟಲೆ ಮುಚ್ಚಿಡುವ ತಾಯಂದಿರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಕಾರಣ. ಕ್ಯಾಂಡಿಡಾ ಅನ್ನುವ ಈ ಫಂಗಸ್ ಹೊರಗಿನಿಂದಲೇ ಬರಬೇಕೆಂದಿಲ್ಲ. ಯಾವ ತೊಂದರೆಯೂ ಇಲ್ಲದ ಎಷ್ಟೋ ಹೆಂಗಸರ ಯೋನಿಯಲ್ಲಿ ಅದು ಸುಮ್ನೆ ಇದ್ದೇ ಇರುತ್ತದೆ. ಜೊತೆಗೆ ಲ್ಯಾಕ್ಟೊಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತದೆ. ಹೊಲದಲ್ಲಿ ಜೋಳ ದಟ್ಟವಾಗಿದ್ದರೆ ಕಸ ತಲೆ ಎತ್ತೋದಿಲ್ಲ ಅಲ್ವಾ, ಹಾಗೆ. ಕೆಮ್ಮಿಗೆ, ಹಲ್ಲುನೋವಿಗೆ ಅಂತ ಆಂಟಿಬಯೋಟಿಕ್ ತಗೊಂಡಾಗ ಈ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ, ಫಂಗಸ್ಸಿಗೆ ಜಾಗ ಸಿಗುತ್ತದೆ. ನಮ್ಮ ಕಡೆ ಅಂಗಡಿಯಲ್ಲಿ "ಬಿಳಿ ಹೋಗೂದಕ್ಕ ಕಿಟ್ ಕೊಡ್ರಿ" ಅಂದರೆ ಸಾಕು, ಫಂಗಸ್ಸಿನ ಗುಳಿಗೆ ಫ್ಲುಕೋನಜೋಲ್ ಜೊತೆಗೆ ಆಂಟಿಬಯೋಟಿಕ್‌ಗಳಾದ ಅಜಿಥ್ರೋಮೈಸಿನ್, ಸೆಕ್ನಿಡಜೋಲ್ ಮೂರೂ ಇರುವ ಪಟ್ಟಿ ಕೈಗೆ ಬರುತ್ತದೆ. ಬರೀ ಫಂಗಸ್ ಇದ್ದವರಿಗೆ ಅದರಲ್ಲಿನ ಆಂಟಿಬಯೋಟಿಕ್ ಬೇಕಾಗಿಯೇ ಇಲ್ಲ. ಒಂದು ಗುಳಿಗೆ ಫಂಗಸ್ಸನ್ನು ಕೊಲ್ಲುವಾಗ ಇನ್ನೊಂದು ಅದರ ಮುಂದಿನ ಬೆಳೆಗೆ ನೆಲ ಹದ ಮಾಡುತ್ತಿರುತ್ತದೆ. ಪ್ರತಿ ಸಲ ತುರಿಕೆಗೂ ಒಂದೊಂದು ಕಿಟ್ ನುಂಗುವುದು ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ.

ಎರಡನೇ ದೊಡ್ಡ ಕಾರಣ ಸಕ್ಕರೆ ಕಾಯಿಲೆ. ಮೂವತ್ತರ ಹರೆಯದವರಲ್ಲೂ ಪದೇ ಪದೇ ಬರುವ ತುರಿಕೆಯಿಂದಲೇ ಶುಗರ್ ಇರುವುದು ಗೊತ್ತಾದದ್ದಿದೆ. ಹಾಗಾಗಿ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ ಬಿಡುವುದಿಲ್ಲ. ಮುಧೋಳ ಕಡೆಯ ಒಬ್ಬರಿಗೆ ಶುಗರ್ ಚೆನ್ನಾಗಿಯೇ ಹತೋಟಿಯಲ್ಲಿತ್ತು. ಆದರೂ ಎಂಟು ತಿಂಗಳಿಂದ ಫಂಗಸ್ ಬಿಟ್ಟಿರಲಿಲ್ಲ. "ಇದು ಶುಗರಿನ ಗುಳಿಗಿರಿ, ಇದಕ್ಕೂ ಅದಕ್ಕೂ ಏನ್ ಸಂಬಂಧ್ರಿ?" ಅಂದರು. ಪಟ್ಟಿ ತಿರುಗಿಸಿ ನೋಡಿದರೆ ಡಪಾಗ್ಲಿಫ್ಲೋಜಿನ್. ಸಂಬಂಧ ಇತ್ತು. ರಕ್ತದಲ್ಲಿನ ಹೆಚ್ಚುವರಿ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದೇ ಆ ಗುಳಿಗೆಯ ಕೆಲಸ. ಎಂಪಾಗ್ಲಿಫ್ಲೋಜಿನ್ನೂ ಅದೇ ಜಾತಿ. ಮೂತ್ರದಲ್ಲಿ ಸಕ್ಕರೆ ಇದ್ದಲ್ಲಿ ಫಂಗಸ್ಸಿಗೆ ಊಟ ಸಿಕ್ಕ ಹಾಗೆ. ಹೃದಯಕ್ಕೂ ಕಿಡ್ನಿಗೂ ಇವು ಬಹಳ ಒಳ್ಳೆಯ ಔಷಧಗಳು, ಇದನ್ನು ಓದಿ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ತುರಿಕೆಯ ವಿಷಯ ಹೇಳಿ. ಬೇರೆ ಗುಳಿಗೆಗೆ ಬದಲಿಸಬೇಕೋ ಬೇಡವೋ ಅವರು ನೋಡುತ್ತಾರೆ. ಮಹಿಳಾ ಡಾಕ್ಟರಿಗೆ ಮಾತ್ರ ಹೇಳುವ ವಿಷಯ ಅಂತ ಇದನ್ನು ಶುಗರ್ ಡಾಕ್ಟರಿಂದ ಮುಚ್ಚಿಡುವುದರಿಂದಲೇ ಎಷ್ಟೋ ತಿಂಗಳು ಹಾಳಾಗುತ್ತವೆ.

ತುರಿಕೆಗೆ ಹಚ್ಚುವ ಕ್ರೀಮಿನ ಬಗ್ಗೆ ಒಂದು ಮಾತು. ಗಜಕರ್ಣಕ್ಕೆ ಅಂತ ಮನೆಯಲ್ಲಿ ಯಾರಿಗೋ ತಂದ ಟ್ಯೂಬನ್ನೇ ಇಲ್ಲಿಗೂ ಹಚ್ಚುತ್ತಾರೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಕ್ಲೋಬೆಟಸಾಲ್ ಅನ್ನುವ ಜೋರಾದ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಂತಂತೆ ಆಗುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಬೆಳೆಯುತ್ತಿರುತ್ತದೆ. ಚರ್ಮ ತೆಳುವಾಗಿ ಇನ್ನಷ್ಟು ಉರಿ. ಮುಟ್ಟು ನಿಂತ ವಯಸ್ಸಾದ ತಾಯಂದಿರ ವಿಷಯ ಬೇರೆ. ಅವರಲ್ಲಿ ಫಂಗಸ್ ಕಡಿಮೆ. ಅಲ್ಲಿ ಚರ್ಮ ಬೆಳ್ಳಗಾಗಿ ತುರಿಸುತ್ತಿದ್ದರೆ ಲೈಕನ್ ಸ್ಕ್ಲೆರೋಸಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು. ಅದಕ್ಕೆ ಇದೇ ಸ್ಟೀರಾಯ್ಡ್ ಮುಲಾಮೇ ಮುಖ್ಯ ಔಷಧ. ಅದಕ್ಕೇ ನೋಡದೆ ಹಚ್ಚಬಾರದು ಅನ್ನುವುದು.

"ಕಾವು ಆಗೇತಿ" ಅಂತ ಎಳನೀರು, ಸಬ್ಜಾ ಬೀಜ ಕುಡಿಯುತ್ತಾರೆ. ಕುಡಿಯಲಿ, ಒಳ್ಳೆಯದೇ. ಆದರೆ ತೊಂದರೆ ಮೈಯೊಳಗಿನ ಉಷ್ಣದಿಂದಲ್ಲ. ಬೆವರಿನಲ್ಲಿ ಒದ್ದೆಯಾದ ಬಟ್ಟೆ ಚರ್ಮಕ್ಕೆ ಅಂಟಿಕೊಂಡೇ ಇದ್ದರೆ ತುರಿಕೆ ಹೆಚ್ಚುತ್ತದೆ. ಗುಳೇದಗುಡ್ಡದಲ್ಲಿ ದಿನವಿಡೀ ಮಗ್ಗದ ಮುಂದೆ ಕೂರುವವರು, ಜಮಖಂಡಿ ಕಡೆ ಕಬ್ಬಿನ ಕೆಲಸ ಮಾಡುವವರು ನೈಲಾನ್ ಒಳಉಡುಪು ಬಿಟ್ಟು ಸಡಿಲ ಹತ್ತಿಯದು ಹಾಕಿ, ರಾತ್ರಿ ಹಾಕದೆ ಮಲಗಿದರೆ ಸ್ವಲ್ಪ ನೆಮ್ಮದಿ. ಡೆಟಾಲ್, ಪಟಿಕದ ನೀರು, ಸುವಾಸನೆಯ ವಾಶ್ ಯಾವುದೂ ಬೇಡ. ಹೊರಗಷ್ಟೇ ಬರೀ ನೀರಲ್ಲಿ ತೊಳೆಯಿರಿ. ಮೊಸರು, ಬೆಳ್ಳುಳ್ಳಿಯನ್ನು ಒಳಗೆ ಇಡುವುದೂ ಬೇಡ.

ಸೋಂಕು ಖಚಿತವಾದ ಮೇಲೆ ಚಿಕಿತ್ಸೆ ಎರಡು ಹಂತದ್ದು. ಮೊದಲು ಫ್ಲುಕೋನಜೋಲ್ 150 ಮಿಲಿಗ್ರಾಂ ಗುಳಿಗೆ 1ನೇ, 4ನೇ, 7ನೇ ದಿನ. ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು. ಹೆಚ್ಚಿನವರು ಎಡವುವುದು ಇಲ್ಲೇ. ತುರಿಕೆ ನಿಂತಿತು ಅಂತ ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ನಿಮ್ಮೂರ ಸಂತೆಯ ದಿನವೇ ಗುಳಿಗೆಯ ದಿನ ಅಂತ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ, ಮರೆಯುವುದಿಲ್ಲ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹೀಗೆ ವಾರಕ್ಕೊಂದು ತಗೊಂಡವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಆ ಆರು ತಿಂಗಳು ಸೋಂಕು ಬರಲಿಲ್ಲ.

ಗರ್ಭಿಣಿಯರಿಗೆ ಈ ಗುಳಿಗೆ ಬೇಡ. ಅವರಿಗೆ ಕ್ಲೋಟ್ರಿಮಜೋಲ್ ಒಳಗೆ ಇಡುವ ಮಾತ್ರೆ ಏಳು ರಾತ್ರಿ. ಆರು ತಿಂಗಳ ಚಿಕಿತ್ಸೆ ನಡೆಯುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಮುಟ್ಟು ತಪ್ಪಿದರೆ ಗುಳಿಗೆ ನಿಲ್ಲಿಸಿ ತಕ್ಷಣ ಬರಬೇಕು. ಶುಗರಿಗೆ ಗ್ಲಿಮೆಪಿರೈಡ್ ತಗೊಳ್ಳುವವರಲ್ಲಿ ಫ್ಲುಕೋನಜೋಲಿನಿಂದ ಶುಗರ್ ಜಾಸ್ತಿ ಇಳಿಯಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರಲ್ಲಿ ರಕ್ತಸ್ರಾವದ ಅಪಾಯ ಇದೆ. ಹಾಗಾಗಿ ಬರುವಾಗ ಯಾವ ಕಾಯಿಲೆಯದ್ದೇ ಇರಲಿ, ನುಂಗುವ ಎಲ್ಲಾ ಗುಳಿಗೆಗಳನ್ನೂ ತನ್ನಿ.

ಗಂಡನ ಮೇಲೆ, ಹೆಂಡತಿಯ ಮೇಲೆ ಅನುಮಾನ ಪಡಬೇಡಿ. ಇದನ್ನು ಲೈಂಗಿಕ ರೋಗ ಅಂತ ಲೆಕ್ಕ ಹಾಕುವುದಿಲ್ಲ. ಮದುವೆಯಾಗದವರಿಗೂ ಬರುತ್ತದೆ. ಗಂಡನಿಗೂ ತುರಿಕೆ, ಕೆಂಪು ಇದ್ದರೆ ಮಾತ್ರ ಅವರಿಗೂ ಔಷಧ ಕೊಡುತ್ತೇವೆ, ಅವರ ಶುಗರನ್ನೂ ನೋಡುತ್ತೇವೆ. ಟ್ರೈಕೊಮೊನಾಸ್ ಆದರೆ ಮಾತು ಬೇರೆ, ಆಗ ಇಬ್ಬರಿಗೂ ಔಷಧ ಆಗಲೇಬೇಕು.

ಆರು ತಿಂಗಳು ಮುಗಿದ ಮೇಲೆ ಎಲ್ಲರಿಗೂ ಪೂರ್ತಿ ವಾಸಿ ಅಂತ ನಾನು ಮಾತು ಕೊಡುವುದಿಲ್ಲ. ಅದೇ ಅಧ್ಯಯನದಲ್ಲಿ ಗುಳಿಗೆ ನಿಲ್ಲಿಸಿ ಇನ್ನಾರು ತಿಂಗಳಾಗುವ ಹೊತ್ತಿಗೆ ಸೋಂಕಿಲ್ಲದೆ ಉಳಿದವರು ಹತ್ತರಲ್ಲಿ ನಾಲ್ಕು ಮಂದಿ. ಮತ್ತೆ ಬಂದರೆ ಮತ್ತೆ ಸ್ಲೈಡ್, ಮತ್ತೆ ಕಲ್ಚರ್, ಬೇಕಾದರೆ ಅದೇ ಚಿಕಿತ್ಸೆ ಇನ್ನೊಮ್ಮೆ. ಕಲ್ಚರಿನಲ್ಲಿ ಗ್ಲಾಬ್ರಾಟಾ ಅನ್ನುವ ಬೇರೆ ಜಾತಿ ಬಂದರೆ ಫ್ಲುಕೋನಜೋಲ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ 600 ಮಿಲಿಗ್ರಾಂ ಬೋರಿಕ್ ಆಸಿಡ್ ಕ್ಯಾಪ್ಸೂಲನ್ನು ಮೂರು ವಾರ ದಿನಾ ರಾತ್ರಿ ಯೋನಿಯೊಳಗೆ ಇಡಬೇಕು. ಇದನ್ನು ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಬಳಸಿ, ಗರ್ಭಿಣಿಯರಂತೂ ಬಳಸಲೇಬಾರದು. ನುಂಗಿದರೆ ಅದು ವಿಷ. ಮಕ್ಕಳ ಕೈಗೆ ಸಿಗದಂತೆ, ಉಳಿದ ಗುಳಿಗೆಗಳ ಜೊತೆ ಬೆರೆಯದಂತೆ ಬೇರೆ ಡಬ್ಬಿಯಲ್ಲಿ ಎತ್ತಿಡಿ.